ದಿಂಬಿಲ್ಲದ ವಾರ್ಡು

ನಮ್ಮ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಒಂದು ಕಾಲಕ್ಕೆ ದಿಂಬೇ ಇರಲಿಲ್ಲ ಎಂದರೆ ಈಗ ಅಲ್ಲಿ ಕೆಲಸ ಮಾಡುವ ಹುಡುಗಿಯರು ನಂಬುವುದಿಲ್ಲ. ಹನ್ನೆರಡು ಹಾಸಿಗೆ, ಹನ್ನೆರಡು ಹೊದಿಕೆ, ದಿಂಬು ಮಾತ್ರ ಒಂದೂ ಇಲ್ಲ. ದಿಂಬಿಗೆ ಗತಿಯಿಲ್ಲದ ಆಸ್ಪತ್ರೆಯೇನೂ ಅಲ್ಲ ಇದು. ಜಯನಗರದ ಮರಗಳ ಸಾಲಿನಲ್ಲಿ, ಕೆಳಗೊಂದು ಕಾಫಿ ಅಂಗಡಿ, ಮುಂದೊಂದು ಗಾಜಿನ ಗೋಡೆ ಇಟ್ಟುಕೊಂಡು ನಿಂತಿರುವ ಖಾಸಗಿ ಆಸ್ಪತ್ರೆ. ದಿಂಬುಗಳು ಇದ್ದವು. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಅವನ್ನೆಲ್ಲ ಬಟ್ಟೆ ಕೋಣೆಯ ಬೀರುವಿನಲ್ಲಿ ತುಂಬಿ, ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ “ನನ್ನ ಕೇಳ್ದೆ ಯಾಕಪ್ಪ ಬರ್ದೆ” ಎಂದು ಫೋನ್ ಮಾಡಿ ಬೈಯುತ್ತಾರೆ. ಅವರ ಬೈಗುಳ ತಿಂದು ಅರಗಿಸಿಕೊಳ್ಳುವ ವಯಸ್ಸು ನನ್ನದು ದಾಟಿದೆ. ರೋಗಿಗಳ ಕಡೆಯವರು ಅವರಿಗೆ ಇಟ್ಟಿದ್ದ ಹೆಸರು ದಿಂಬು ಕಳ್ಳಿ. ಅದು ಅವರ ಕಿವಿಗೂ ಬಿದ್ದಿತ್ತು. “ಕಳ್ಳಿ ಅಂತಾನಾದ್ರೂ ಅನ್ಲಿ, ಸುಳ್ಳಿ ಅಂತಾನಾದ್ರೂ ಅನ್ಲಿ. ಮನೆಗೆ ಹೋಗುವಾಗ ಕತ್ತು ನೆಟ್ಟಗಿದ್ರೆ ಸಾಕು” ಎನ್ನುತ್ತಿದ್ದರು.

ದಿಂಬಿನ ಮೇಲೆ ಅವರಿಗಿದ್ದ ಹಗೆಗೆ ಕಾರಣವಿತ್ತು. ಕತ್ತು ಸುಟ್ಟಾಗ ತಲೆಯನ್ನು ಮುಂದಕ್ಕೆ ಬಾಗಿಸಿಕೊಂಡರೆ ನೋವು ಕಡಿಮೆ. ದಿಂಬು ಮಾಡುವುದು ಅದನ್ನೇ, ಗದ್ದವನ್ನು ಎದೆಯ ಕಡೆಗೆ ತಳ್ಳುತ್ತದೆ. ರೋಗಿಗೆ ಹಾಯೆನಿಸುತ್ತದೆ. ಆದರೆ ಹೊಸ ಚರ್ಮ ಬರುವಾಗ ಸೆಳೆದುಕೊಳ್ಳುತ್ತಲೇ ಬರುತ್ತದೆ. ಕತ್ತು ಯಾವ ಭಂಗಿಯಲ್ಲಿತ್ತೋ ಅದೇ ಭಂಗಿಯಲ್ಲಿ ಬಿಗಿದುಬಿಡುತ್ತದೆ. ಗಾಯ ವಾಸಿಯಾಯಿತೆಂದು ಮನೆಗೆ ಹೋದವರು ಕೆಲವು ತಿಂಗಳಲ್ಲಿ ಗದ್ದ ಎದೆಗೆ ಅಂಟಿಕೊಂಡು ವಾಪಸ್ಸು ಬರುತ್ತಾರೆ. ಅದಕ್ಕೇ ದಿಂಬು ತೆಗೆದು, ಹೆಗಲ ಕೆಳಗೆ ಸುತ್ತಿದ ಟವೆಲ್ ಇಟ್ಟು, ಕತ್ತು ಹಿಂದಕ್ಕೆ ಚಾಚಿರುವಂತೆ ಮಲಗಿಸಬೇಕು. ಹಾಗೆ ಮಲಗುವುದು ಹಿಂಸೆ. ರೋಗಿ ಅಳುತ್ತಾನೆ, ಮನೆಯವರು ಕೈ ಮುಗಿಯುತ್ತಾರೆ, ನೋಡುವ ನರ್ಸಿಗೆ ಕರುಳು ಚುರ್ರೆನ್ನುತ್ತದೆ. “ಸುಟ್ಟ ಚರ್ಮಕ್ಕೆ ಬುದ್ಧಿ ಇಲ್ಲ ಕಣಪ್ಪ. ಎಲ್ಲಿ ಸುಖ ಸಿಕ್ತೋ ಅಲ್ಲೇ ಅಂಟ್ಕೊಳ್ಳುತ್ತೆ” ಎಂದು ಸಿಸ್ಟರ್ ನನಗೆ ಮೊದಲ ವಾರವೇ ಹೇಳಿದ್ದರು.

ಕಾಲು ಸುಟ್ಟವರಿಗೂ ಅವರು ದಿಂಬು ಕೊಡುತ್ತಿರಲಿಲ್ಲ. ಅದು ಅನ್ಯಾಯವೆಂದು ನಾನು ವಾದಿಸಿದ್ದೇನೆ. ಮೂರನೇ ಹಾಸಿಗೆಗೆ ಕೊಟ್ಟ ದಿಂಬು ಮಧ್ಯಾಹ್ನದೊಳಗೆ ಕನಿಕರದ ದಾರಿ ಹಿಡಿದು ನಾಲ್ಕನೇ ಹಾಸಿಗೆಗೆ ನಡೆದು ಬರುತ್ತದೆ ಎನ್ನುವುದು ಅವರ ಅನುಭವ. ಬೆಳಗ್ಗೆ ಏಳಕ್ಕೆ ಬಂದವರೇ ಮೊದಲು ತಲೆಗಳ ಕೆಳಗೆ ಕೈ ಹಾಕಿ ನೋಡುತ್ತಿದ್ದರು. ಮನೆಯವರು ಎಂಥೆಂಥದನ್ನು ದಿಂಬು ಮಾಡಿರುತ್ತಿದ್ದರು! ಮಡಿಸಿದ ಶಾಲು, ಹಳೆಯ ಸೀರೆಯ ಗಂಟು, ದಿನಪತ್ರಿಕೆಗಳ ಕಟ್ಟು. ಒಮ್ಮೆ ಒಬ್ಬ ತಾಯಿ ಮಗನ ತಲೆಯ ಕೆಳಗೆ ಎರಡು ಸೇರು ಕಡ್ಲೆಪುರಿಯ ಚೀಲ ಇಟ್ಟಿದ್ದಳು. ಸಿಸ್ಟರ್ ಅದನ್ನು ಎಳೆದುಕೊಂಡು, ತೂಗಿ ನೋಡಿ, “ಸಂಜೆ ಕಾಫಿ ಜೊತೆಗಾಯ್ತು” ಎಂದು ಬೀರುವಿಗೆ ಸೇರಿಸಿದರು. ಸಂಜೆ ಆ ತಾಯಿಯನ್ನೂ ಕೂರಿಸಿಕೊಂಡು ಎಲ್ಲರಿಗೂ ಹಂಚಿದರು.

ಅವರ ಕೈಕೆಳಗೆ ನಾನು ನರ್ಸಾಗಿ ಸೇರಿದಾಗ ನನಗೆ ಇಪ್ಪತ್ತನಾಲ್ಕು. ಗಂಡು ನರ್ಸುಗಳನ್ನು ಎಲ್ಲರೂ ಬ್ರದರ್ ಎನ್ನುತ್ತಾರೆ. ಸಿಸ್ಟರ್ ಮಾತ್ರ ನನಗೆ ಸೊಕ್ಕು ಇದ್ದ ದಿನ ‘ಬ್ರದರ್ ಸಾಹೇಬ್ರು’ ಎಂದೂ ಇಲ್ಲದ ದಿನ ‘ಮಗಾ’ ಎಂದೂ ಕರೆಯುತ್ತಿದ್ದರು. ಸೇರಿದ ದಿನವೇ ಒಂದು ಮನೆಪಾಠ ಕೊಟ್ಟರು. ಮನೆಗೆ ಹೋಗಿ ಒಂದು ರಾತ್ರಿ ದಿಂಬಿಲ್ಲದೆ, ಹೆಗಲ ಕೆಳಗೆ ಟವೆಲ್ ಸುರುಳಿ ಇಟ್ಟುಕೊಂಡು ಮಲಗಬೇಕು, ಬೆಳಗ್ಗೆ ಬಂದು ಹೇಗಿತ್ತು ಎಂದು ಹೇಳಬೇಕು. ಇದೆಂಥ ಹುಚ್ಚಾಟ ಎಂದುಕೊಂಡು ನಾನು ಬಿಟಿಎಂ ಲೇಔಟಿನ ನನ್ನ ಬಾಡಿಗೆ ಕೋಣೆಯಲ್ಲಿ ದಿಂಬು ಹಾಕಿಕೊಂಡೇ ಚೆನ್ನಾಗಿ ನಿದ್ದೆ ಹೊಡೆದೆ.

“ಹೆಂಗಿತ್ತು?” ಎಂದರು ಬೆಳಗ್ಗೆ.

“ಪರವಾಗಿಲ್ಲ ಸಿಸ್ಟರ್. ಚೆನ್ನಾಗೇ ನಿದ್ದೆ ಬಂತು.”

“ಹಂಗಾದ್ರೆ ಮಲಗಿಲ್ಲ ನೀನು. ಇವತ್ತು ಮಲ್ಕೊಂಡು ನಾಳೆ ಬಾ. ಅಲ್ಲೀವರ್ಗೂ ರೋಗಿ ಮುಟ್ಬೇಡ.”

ಮರುದಿನ ನಾನು ಕೆಂಪು ಕಣ್ಣು, ಸೆಟೆದ ಬೆನ್ನು, ಸುಡುಗೋಪದೊಂದಿಗೆ ಬಂದೆ. ಏನನ್ನೂ ಕೇಳದೆ ಡ್ರೆಸ್ಸಿಂಗ್ ಟ್ರೇ ಕೊಟ್ಟರು. ಚೆನ್ನಾಗಿತ್ತು ಎಂದವರೆಲ್ಲ ಸುಳ್ಳರು, ಮುಖ ಸಿಂಡರಿಸಿಕೊಂಡು ಬಂದವರೇ ಪಾಸು. ಇದು ಅವರ ಪರೀಕ್ಷೆ. ಅದಕ್ಕೆ ಅಂಕವಿಲ್ಲ, ಸರ್ಟಿಫಿಕೇಟಿಲ್ಲ.

ಡ್ರೆಸ್ಸಿಂಗ್ ಬಿಚ್ಚುವುದನ್ನು ಕಲಿಸಿದ್ದೂ ಇದೇ ರೀತಿಯಲ್ಲೇ. ನನ್ನ ಮುಂಗೈಯ ಕೂದಲಿನ ಮೇಲೆ ಉದ್ದಕ್ಕೂ ಪ್ಲಾಸ್ಟರ್ ಅಂಟಿಸಿ, ಮಾತಾಡುತ್ತ ಮಾತಾಡುತ್ತ ಸರ್ರನೆ ಎಳೆದರು. ನಾನು ಕೂಗಿಕೊಂಡೆ. “ಇದು ಬರೀ ಕೂದ್ಲು. ಅವ್ರದ್ದು ಹಸಿ ಚರ್ಮ. ಇಪ್ಪತ್ತು ನಿಮಿಷ ನೆನಸು, ಆಮೇಲೆ ಮುಟ್ಟು. ನಿಂಗೆ ಟೈಮಿಲ್ಲ ಅಂದ್ರೆ ಹೋಗಿ ಟೀ ಕುಡ್ಕೊಂಡ್ ಬಾ, ಗಾಯ ಎಲ್ಲಿಗೂ ಓಡೋಗಲ್ಲ” ಎಂದರು. ಇವತ್ತಿಗೂ ಯಾರಾದರೂ ಒಣಗಿದ ಬ್ಯಾಂಡೇಜಿಗೆ ಕೈ ಹಾಕಿದರೆ ನನ್ನ ಮುಂಗೈ ಉರಿಯುತ್ತದೆ.

ಜರಗನಹಳ್ಳಿಯ ಹಳೆಯ ಮನೆತನದವರು ಅವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅಣ್ಣತಮ್ಮಂದಿರ ಕಟ್ಟಡಗಳಿವೆ, ಅವುಗಳ ತುಂಬ ಬಾಡಿಗೆಯವರಿದ್ದಾರೆ. ಕೂತು ತಿಂದರೂ ಕರಗದಂಥ ಸ್ಥಿತಿ. ನಮ್ಮನೆ ಹೆಣ್ಣುಮಗಳು ಕಂಡವರ ಕೀವು ಒರೆಸಲು ಕನಕಪುರ ರಸ್ತೆಯ ಬಸ್ಸಿನಲ್ಲಿ ನಿಂತು ಹೋಗುತ್ತಾಳಲ್ಲ ಎಂದು ಅಣ್ಣಂದಿರಿಗೆ ಕೊನೆಯವರೆಗೂ ಮುಜುಗರ. “ಮನೇಲಿ ಕೂತ್ರೆ ನಲ್ಲಿ ಸೋರ್ತಿದೆ, ಮೋಟ್ರು ಕೆಟ್ಟಿದೆ ಅಂತ ಬಾಡಿಗೆಯೋರು ಬರ್ತಾರೆ. ಅದಕ್ಕಿಂತ ಇದೇ ನೆಮ್ಮದಿ ಬುಡು” ಎನ್ನುತ್ತಿದ್ದರು. ಹನ್ನೊಂದು ಗಂಟೆಗೆ ಡಬ್ಬಿ ಬಿಚ್ಚಿ ಮುದ್ದೆ, ಬಸ್ಸಾರು ಉಣ್ಣುವರು. ಆ ಹತ್ತು ನಿಮಿಷ ಆಸ್ಪತ್ರೆಯ ಮಾಲೀಕರು ಬಂದರೂ ಏಳುತ್ತಿರಲಿಲ್ಲ.

ಪ್ರತಿ ಗುರುವಾರ ಮಧ್ಯಾಹ್ನ ಎರಡೂವರೆಗೆ ಬಟ್ಟೆ ಕೋಣೆಯ ಪಕ್ಕದ ಜಾಗದಲ್ಲಿ ಅವರ ಪಾಠ. ಹೊಸ ನರ್ಸುಗಳು ಮಾತ್ರವಲ್ಲ, ಹತ್ತು ವರ್ಷ ಆದವರೂ ಬರಬೇಕು, ಆಯಾಗಳು ಬರಬೇಕು, ನೆಲ ಒರೆಸುವವರೂ ಬರಬೇಕು. ಬಾಗಿಲಲ್ಲಿ ಕೂರುವ ಸೆಕ್ಯೂರಿಟಿಯವನೂ ಬರಬೇಕು ಎಂದು ಹಟ ಹಿಡಿದಾಗ ಆಡಳಿತದವರು ನಕ್ಕರು. “ದಿಂಬು ಒಳಗ್ ಬರೋದು ಬಾಗ್ಲಿಂದ ತಾನೆ” ಎಂದು ಇವರ ವಾದ. ಆಯಾಗಳು, ಸೆಕ್ಯೂರಿಟಿಯವರು ಗುತ್ತಿಗೆದಾರನ ಜನ, ಅವರ ತರಬೇತಿ ನಮ್ಮ ಜವಾಬ್ದಾರಿ ಅಲ್ಲ ಎಂದು ಮೇಲಿನಿಂದ ಉತ್ತರ ಬಂತು. ಹಾಸಿಗೆಯ ಪಕ್ಕ ದಿನವಿಡೀ ಇರುವವರಿಗೆ ಪಾಠ ಬೇಡ, ತಿಂಗಳಿಗೊಮ್ಮೆ ಇಣುಕುವವರಿಗೆ ಬೇಕು. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಅದಕ್ಕಿಂತ ದೊಡ್ಡ ತೊಡಕೆಂದರೆ ಕ್ರೆಡಿಟ್ ಗಂಟೆಗಳದು. ನರ್ಸುಗಳು ತಮ್ಮ ನೋಂದಣಿ ನವೀಕರಿಸಿಕೊಳ್ಳಬೇಕಾದರೆ ಇಷ್ಟು ಗಂಟೆ ಮುಂದುವರಿದ ಶಿಕ್ಷಣ ಪಡೆದಿದ್ದೇವೆಂದು ತೋರಿಸಬೇಕು. ಅದು ಒಳ್ಳೆಯ ನಿಯಮವೇ. ಆದರೆ ಸಿಸ್ಟರ್ ಪಾಠಕ್ಕೆ ಆ ಮಾನ್ಯತೆ ಇರಲಿಲ್ಲ. ಸ್ಟಾರ್ ಹೋಟೆಲಿನ ಸೆಮಿನಾರಿಗೆ ಇತ್ತು. ಅಲ್ಲಿ ಒಂದು ಚೀಲ ಕೊಡುತ್ತಾರೆ, ಪೆನ್ನು ಕೊಡುತ್ತಾರೆ, ಊಟಕ್ಕೆ ಎರಡು ಬಗೆಯ ಸಿಹಿ ಇರುತ್ತದೆ. ಎಸಿಯಲ್ಲಿ ತೂಕಡಿಸಿ ಎದ್ದು ಬಂದವರಿಗೆ ಗಂಟೆ ಜಮಾ. ಬಟ್ಟೆ ಕೋಣೆಯ ಪಕ್ಕ ನಿಂತು ಬ್ಯಾಂಡೇಜ್ ಸುತ್ತಿ, ಬಿಚ್ಚಿ, ಬೈಸಿಕೊಂಡು ಕಲಿತವರಿಗೆ ಸೊನ್ನೆ. ಹೀಗಾದರೆ ಯಾರು ಬರುತ್ತಾರೆ? ಬಂದವರನ್ನೂ ಆರು ತಿಂಗಳು ತಿದ್ದಿ ತೀಡುವಷ್ಟರಲ್ಲಿ ಅವರು ಬೇರೆ ಆಸ್ಪತ್ರೆ ಹಿಡಿದಿರುತ್ತಿದ್ದರು. ಸಿಸ್ಟರ್ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು.

ಇಲ್ಲಿ ನನಗೆ ಸಿಸ್ಟರ್ ಮೇಲೂ ಸಿಟ್ಟಿದೆ, ಅದು ಇನ್ನೂ ಆರಿಲ್ಲ. ಆ ಪಾಠಕ್ಕೆ ಮಾನ್ಯತೆ ಕೊಡಿಸಬಹುದಿತ್ತು. ಒಂದು ಅರ್ಜಿ, ಪಾಠದ ಉದ್ದೇಶ, ಮೊದಲೊಂದು ಪರೀಕ್ಷೆ, ಕೊನೆಗೊಂದು ಪರೀಕ್ಷೆ, ಹಾಜರಿಯ ಸಹಿ, ಕಲಿಸುವವರ ವಿದ್ಯಾಭ್ಯಾಸದ ವಿವರ. ನಾನೇ ಕೂತು ಅರ್ಧ ತುಂಬಿಕೊಟ್ಟೆ.

“ಇದೇನು, ನನ್ನ ಜಾತಕನಾ?” ಎಂದರು.

“ನಿಮ್ಮ ಬಯೋಡೇಟಾ ಸಿಸ್ಟರ್. ಒಂದು ಸೈನ್ ಹಾಕಿ, ಮಿಕ್ಕಿದ್ದು ನಾನು ನೋಡ್ಕೋತೀನಿ.”

“ಮೂವತ್ತು ವರ್ಷದಿಂದ ಹೇಳ್ಕೊಡ್ತಾ ಇದ್ದೀನಿ. ಈಗ ನಂಗೆ ಹೇಳ್ಕೊಡಕ್ಕೆ ಬರುತ್ತೆ ಅಂತ ನಾನು ಅರ್ಜಿ ಹಾಕ್ಬೇಕಾ? ಇಡು ಅತ್ಲಾಗೆ.”

ಇಟ್ಟೆ. ವರ್ಷವಾದರೂ ಅದು ಅವರ ಮೇಜಿನ ಖಾನೆಯಲ್ಲಿ ಗಾಜ್ ಬಟ್ಟೆಯ ಕೆಳಗೆ ಇತ್ತು. ಅವರು ಒಂದೇ ಒಂದು ಸಹಿ ಹಾಕಿದ್ದರೆ ಆ ಪಾಠ ಆಸ್ಪತ್ರೆಯ ದಾಖಲೆಯಲ್ಲಿ ಇರುತ್ತಿತ್ತು, ಅದನ್ನು ಅಳಿಸುವುದು ಯಾರಿಗೂ ಅಷ್ಟು ಸುಲಭವಾಗುತ್ತಿರಲಿಲ್ಲ. ಗೊತ್ತಿದ್ದವರ ಸೊಕ್ಕು ಗೊತ್ತಿಲ್ಲದವರ ಸೊಕ್ಕಿನಷ್ಟೇ ಹಾನಿ ಮಾಡುತ್ತದೆ ಎಂದು ಅವರ ಮುಖಕ್ಕೆ ಹೇಳಬೇಕಿತ್ತು, ಹೇಳಲಿಲ್ಲ.

ಅಷ್ಟರಲ್ಲಿ ನನ್ನನ್ನು ವಾರ್ಡಿನಿಂದ ತರಬೇತಿ ವಿಭಾಗಕ್ಕೆ ಹಾಕಿದರು. ನನಗೆ ಇಂಗ್ಲಿಷ್ ಸುಮಾರಾಗಿ ಬರುತ್ತಿತ್ತು, ಸ್ಲೈಡ್ ಮಾಡಲು ಬರುತ್ತಿತ್ತು, ಬೇರೆ ಅರ್ಹತೆಯೇನೂ ಇರಲಿಲ್ಲ. ಎಲ್ಲ ತರಬೇತಿಯೂ ಇನ್ನು ಕಂಪ್ಯೂಟರಿನಲ್ಲೇ ಎಂದಾಯಿತು, ಗುರುವಾರದ ಪಾಠ ನಿಂತಿತು. ಸುಟ್ಟಗಾಯದ ಆರೈಕೆಗೂ ಇಪ್ಪತ್ತು ಸ್ಲೈಡಿನ ಒಂದು ಮಾಡ್ಯೂಲ್, ಕೊನೆಯಲ್ಲಿ ಹತ್ತು ಪ್ರಶ್ನೆ. ಅದಕ್ಕೆ ಕ್ರೆಡಿಟ್ ಗಂಟೆಯೂ ಸಿಕ್ಕಿತು. ಮೊದಲ ದಿನ ಬರೆದವರು ಉತ್ತರಗಳನ್ನು ವಾಟ್ಸಾಪಿನಲ್ಲಿ ಹಾಕಿದರು, ಎರಡನೇ ದಿನದಿಂದ ಎಲ್ಲರಿಗೂ ನೂರಕ್ಕೆ ನೂರು. ನಾನು ಆ ಮಾಡ್ಯೂಲಿನ ಹನ್ನೊಂದನೇ ಸ್ಲೈಡಿನಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪ ಅಕ್ಷರದಲ್ಲಿ ಬರೆದಿದ್ದೆ: ಕತ್ತು ಸುಟ್ಟ ರೋಗಿಗೆ ದಿಂಬು ಕೊಡಬೇಡಿ. ಸಿಸ್ಟರಿಗೆ ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿ, “ಬೇಡಿ ಅಂತ ಬೇಡ್ಕೊಳ್ತಿದ್ದೀಯಲ್ಲ. ಕೂಡದು ಅಂತ ಹಾಕು” ಎಂದರು. ಹಾಗೇ ತಿದ್ದಿದೆ.

ಸಿಸ್ಟರ್ ನಿವೃತ್ತಿಗೆ ಒಂದು ತಿಂಗಳಿದ್ದಾಗ ವಾರ್ಡಿಗೆ ಒಬ್ಬ ಹೆಂಗಸು ಬಂದಳು. ಬಾಗಲಕೋಟೆ ಕಡೆಯವಳು. ಬಿಟಿಎಂನ ಒಂದು ಗಲ್ಲಿಯಲ್ಲಿ ಅಣ್ಣನ ಜೊತೆ ಖಾನಾವಳಿ ನಡೆಸುತ್ತಿದ್ದಳು. ಉತ್ತರ ಕರ್ನಾಟಕದಿಂದ ಬಂದು ಕೋಣೆ ಮಾಡಿಕೊಂಡಿರುವ ಅರ್ಧ ಬಡಾವಣೆಗೆ ರೊಟ್ಟಿ ಬಡಿದು ಹಾಕುತ್ತಿದ್ದವಳು. ಗ್ಯಾಸ್ ಒಲೆ ಭಗ್ಗೆಂದು ಕತ್ತು, ಎದೆಯ ಮೇಲ್ಭಾಗ ಆಳಕ್ಕೆ ಸುಟ್ಟಿತ್ತು. ಪುಣ್ಯಕ್ಕೆ ಮುಖ ಉಳಿದಿತ್ತು, ಕೈಗಳು ಉಳಿದಿದ್ದವು. ತೊಡೆಯ ಚರ್ಮ ತೆಗೆದು ಕತ್ತಿಗೆ ಹಾಕಿದರು. ಅದು ಚೆನ್ನಾಗಿ ಹಿಡಿಯಿತು. ಇನ್ನು ಉಳಿದದ್ದು ಕತ್ತು ನೆಟ್ಟಗೆ ಉಳಿಸುವ ಕೆಲಸ, ಅಂದರೆ ನರ್ಸುಗಳ ಕೆಲಸ.

ಸಿಸ್ಟರ್ ಅವಳನ್ನು ಹಿಡಿದುಕೊಂಡು ಕೂತರು. ದಿಂಬಿಲ್ಲ, ಟವೆಲ್ ಸುರುಳಿ. ದಿನಕ್ಕೆ ನಾಲ್ಕು ಸಲ “ಮೇಲೆ ನೋಡು, ಫ್ಯಾನ್ ನೋಡು, ಇನ್ನೂ ಹಿಂದಕ್ಕೆ” ಎಂದು ಕತ್ತು ಚಾಚಿಸುವುದು. ಅವಳು ಅತ್ತು ಗೋಗರೆಯುತ್ತಿದ್ದಳು. “ಯವ್ವಾ, ಒಂದು ಸಣ್ಣ ದಿಂಬರ ಕೊಡ್ರಿ, ನಿಮ್ಮ ಕಾಲ ಬೀಳ್ತೀನಿ” ಎನ್ನುವುದು ಕಾರಿಡಾರಿನವರೆಗೂ ಕೇಳುತ್ತಿತ್ತು. ತಂಗಿಯ ಗೋಳು ನೋಡಲಾಗದೆ ಅಣ್ಣ ಆಸ್ಪತ್ರೆಯ ಫೀಡ್‌ಬ್ಯಾಕ್ ಯಂತ್ರದಲ್ಲಿ ಒಂದು ನಕ್ಷತ್ರ ಒತ್ತಿ, ‘ಇಷ್ಟು ದೊಡ್ಡ ಆಸ್ಪತ್ರೆ, ಪೇಷಂಟಿಗೆ ದಿಂಬು ಸಹ ಕೊಡುವುದಿಲ್ಲ, ಇನ್‌ಚಾರ್ಜ್ ಸಿಸ್ಟರ್ ನಿರ್ದಯಿ’ ಎಂದು ಬರೆದ. ಅವನನ್ನು ದೂರುವುದಿಲ್ಲ. ನನ್ನ ತಂಗಿಯಾಗಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ.

ಆ ಒಂದು ನಕ್ಷತ್ರ ಮೇಲಿನವರ ನಿದ್ದೆ ಕೆಡಿಸಿತು. ನಾಲ್ಕೇ ದಿನದಲ್ಲಿ ಸುತ್ತೋಲೆ ಬಂತು: ಎಲ್ಲ ವಾರ್ಡುಗಳ ಎಲ್ಲ ಹಾಸಿಗೆಗಳಲ್ಲಿ ಎರಡು ದಿಂಬು ಕಡ್ಡಾಯ. ಬೀರುವಿನ ಬೀಗ ತೆಗೆಸಿದರು. ಸಿಸ್ಟರ್ ಆಡಳಿತದ ಕೋಣೆಗೆ ಹೋಗಿ ಜಗಳವಾಡಿದರು, ಕನ್ನಡದಲ್ಲಿ, ಗಟ್ಟಿಯಾಗಿ, ಜರಗನಹಳ್ಳಿಯ ಮಾತಿನಲ್ಲಿ. ಅಲ್ಲಿದ್ದವರು ಇಂಗ್ಲಿಷಿನಲ್ಲಿ ಮೆತ್ತಗೆ ಕೇಳಿಸಿಕೊಂಡು, ಇನ್ನು ಎರಡು ವಾರಕ್ಕೆ ಹೋಗುವ ಹೆಂಗಸು ಎಂದು ಸುಮ್ಮನಾದರು. ಸಿಸ್ಟರ್ ತಾವಿರುವಷ್ಟು ದಿನ ಖಾನಾವಳಿಯವಳ ಹಾಸಿಗೆಗೆ ಮಾತ್ರ ದಿಂಬು ಬರಗೊಡಲಿಲ್ಲ.

ಆಮೇಲೆ ನನ್ನ ಸರದಿ. ಗುಣಮಟ್ಟ ವಿಭಾಗದ ಮೇಡಂ ನನ್ನನ್ನು ಕರೆಸಿದರು. ಕೆಟ್ಟವರಲ್ಲ, ಕೆಲಸದಲ್ಲಿ ಅಚ್ಚುಕಟ್ಟು.

“ನಿಮ್ಮ ಹನ್ನೊಂದನೇ ಸ್ಲೈಡು ಸರ್ಕ್ಯುಲರ್‌ಗೆ ಅಪೋಸಿಟ್ ಇದೆ. ಮುಂದಿನ ತಿಂಗಳು ಆಡಿಟ್. ಏನ್ ಮಾಡ್ತೀರ?”

“ಬರ್ನ್ಸ್ ವಾರ್ಡಿಗೆ ಸರ್ಕ್ಯುಲರ್‌ನಲ್ಲಿ ವಿನಾಯಿತಿ ಕೊಟ್ರೆ ಆಯ್ತಲ್ಲ ಮೇಡಂ.”

“ಕೊಡಬಹುದು. ಮೂರು ಡಿಪಾರ್ಟ್‌ಮೆಂಟ್ ಸೈನ್ ಬೇಕು, ಕಮಿಟಿಗೆ ಹೋಗ್ಬೇಕು. ಆಡಿಟ್ ಆದ್ಮೇಲೆ ನೋಡೋಣ. ಸದ್ಯಕ್ಕೆ ಸ್ಲೈಡ್ ಸರಿ ಮಾಡಿ.”

ಸರಿ ಮಾಡಿದೆ. ‘ದಿಂಬು ಕೊಡಕೂಡದು’ ಎನ್ನುವುದನ್ನು ಅಳಿಸಿ, ‘ಕತ್ತನ್ನು ಎಕ್ಸ್‌ಟೆನ್ಶನ್ ಭಂಗಿಯಲ್ಲಿಡಿ, ರೋಗಿಯ ಆರಾಮಕ್ಕೆ ಗಮನ ಕೊಡಿ’ ಎಂದು ಹಾಕಿದೆ. ಎಕ್ಸ್‌ಟೆನ್ಶನ್ ಎಂದರೆ ಹಿಂದಕ್ಕೆ ಚಾಚುವುದು ಎಂದೇ ಅರ್ಥ. ಪುಸ್ತಕದ ಪ್ರಕಾರ ಅದರಲ್ಲಿ ತಪ್ಪಿಲ್ಲ. ಕೆಲಸ ಅರ್ಧ ನಿಮಿಷವೂ ಹಿಡಿಯಲಿಲ್ಲ. ವಿನಾಯಿತಿಯ ಅರ್ಜಿಯನ್ನು ಆಡಿಟ್ ಮುಗಿದ ಮೇಲೆ ಬರೆಯೋಣ ಎಂದುಕೊಂಡೆ. ಅರ್ಜಿ ಎಂದರೆ ಮೂಗು ಮುರಿಯುತ್ತಿದ್ದ ಸಿಸ್ಟರನ್ನು ಬೈದುಕೊಳ್ಳುತ್ತಿದ್ದವನು ಇದೇ ನಾನು.

ಬೀಳ್ಕೊಡುಗೆಯ ದಿನ ಶಾಲು ಹೊದಿಸಿದರು, ಕೇಕ್ ಕತ್ತರಿಸಿದರು. ಮೂವತ್ತು ವರ್ಷ ಅವರ ಹತ್ತಿರ ಕಲಿತವರಲ್ಲಿ ಆ ದಿನ ಅಲ್ಲಿದ್ದವರು ಐದಾರು ಜನ. ಸಿಸ್ಟರ್ ಭಾಷಣ ಮಾಡಲಿಲ್ಲ. ಕೇಕಿನ ತುಂಡು ಹಿಡಿದುಕೊಂಡು ನನ್ನ ಹತ್ತಿರ ಬಂದು, “ಆ ಖಾನಾವಳಿ ಹೆಂಗಸಿನ ಕತ್ತು ನೋಡ್ಕೋ. ದಿನಾ ಒಂದ್ ಸಲ ಹೋಗಿ ನೋಡು. ನೀನು ಹೇಳಿದ್ರೆ ಕೇಳ್ತಾರೆ” ಎಂದರು.

“ನೋಡ್ತೀನಿ ಸಿಸ್ಟರ್. ನೀವು ಯೋಚನೆ ಮಾಡ್ಬೇಡಿ.”

ನಾಲ್ಕು ದಿನ ಹೋದೆ. ಐದನೇ ದಿನ ಆಡಿಟ್ ತಯಾರಿ ಶುರುವಾಯಿತು. ವಾರ ಕಳೆದು ಒಂದು ಮಧ್ಯಾಹ್ನ ಹೋದಾಗ ಅವಳು ಎರಡು ದಿಂಬಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಸೇರಿದಂದಿನಿಂದ ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ನೋಡಿರಲಿಲ್ಲ. ಹೊಸ ನರ್ಸು ಪಕ್ಕದಲ್ಲಿ ನಿಂತು ದಿಂಬಿನ ಕವರನ್ನು ಸರಿಮಾಡುತ್ತಿದ್ದಳು. ಒಳ್ಳೆಯ ಹುಡುಗಿ, ಮಾಡ್ಯೂಲಿನಲ್ಲಿ ನೂರಕ್ಕೆ ನೂರು ತೆಗೆದವಳು.

“ಇವರಿಗೆ ನೆಕ್ ಪೊಸಿಶನ್ ಏನಮ್ಮ?” ಎಂದೆ.

“ಎಕ್ಸ್‌ಟೆನ್ಶನ್ ಸಾರ್” ಎಂದಳು ತಟ್ಟನೆ, ದಿಂಬು ತಟ್ಟುತ್ತಲೇ.

“ಮತ್ತೆ ದಿಂಬು?”

“ಪಾಪ ಸಾರ್, ತುಂಬ ಅಳ್ತಿದ್ರು. ಸರ್ಕ್ಯುಲರ್‌ನಲ್ಲೂ ಎರಡು ಅಂತ ಇದೆಯಲ್ಲ. ಮಾಡ್ಯೂಲಲ್ಲಿ ಕೊಡ್ಬಾರ್ದು ಅಂತ ಎಲ್ಲೂ ಇರ್ಲಿಲ್ಲ.”

ಅವಳಿಗೆ ಉತ್ತರ ಗೊತ್ತಿತ್ತು. ಆ ಉತ್ತರಕ್ಕೂ ದಿಂಬಿಗೂ ನಂಟಿದೆ ಎನ್ನುವುದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಒಂದು ರಾತ್ರಿ ಅವಳನ್ನು ಯಾರೂ ದಿಂಬಿಲ್ಲದೆ ಮಲಗಿಸಿರಲಿಲ್ಲ. ನಾನು ಆಗಲೇ ಆ ದಿಂಬುಗಳನ್ನು ಎಳೆದು ಬಿಸಾಕಬೇಕಿತ್ತು. “ಡಾಕ್ಟರ್ ರೌಂಡ್ಸಿಗೆ ಬಂದಾಗ ಒಂದು ಸಲ ಕೇಳಿ ಕನ್ಫರ್ಮ್ ಮಾಡ್ಕೊಳ್ಳಿ” ಎಂದು ಹೇಳಿ ಫೈಲು ಹಿಡಿದುಕೊಂಡು ಆಡಿಟಿನವರ ಹಿಂದೆ ಓಡಿದೆ. ಡಾಕ್ಟರು ಬರುವ ಹೊತ್ತಿಗೆ ರೋಗಿಗಳನ್ನು ಎಬ್ಬಿಸಿ ಕೂರಿಸಿರುತ್ತಾರೆ, ದಿಂಬು ಬೆನ್ನಿಗಿರುತ್ತದೆ. ಅದೂ ನನಗೆ ಗೊತ್ತಿದ್ದದ್ದೇ.

ಎರಡು ವಾರದ ಮೇಲೆ ಅವಳು ಮನೆಗೆ ಹೋದಳು. ಹೋಗುವ ದಿನ ಅದೇ ಅಣ್ಣ ಅದೇ ಯಂತ್ರದಲ್ಲಿ ಐದು ನಕ್ಷತ್ರ ಒತ್ತಿದ. ‘ಹೊಸ ಸಿಸ್ಟರ್‌ಗಳು ದೇವರಂಥವರು, ಕೇಳಿದ ತಕ್ಷಣ ದಿಂಬು ಕೊಟ್ಟರು’ ಎಂದು ಬರೆದ. ತಿಂಗಳ ಸಭೆಯಲ್ಲಿ ಅದನ್ನು ಓದಿ ಚಪ್ಪಾಳೆ ತಟ್ಟಿದರು. ತರಬೇತಿ ವಿಭಾಗದ ಸಾಧನೆ ಎಂದು ನನ್ನ ಹೆಸರನ್ನೂ ಹೇಳಿದರು. ನಾನೂ ಚಪ್ಪಾಳೆ ತಟ್ಟಿದೆ.

ಮೂರೂವರೆ ತಿಂಗಳ ನಂತರ ಹೊರರೋಗಿಗಳ ಸಾಲಿನಲ್ಲಿ ಅವಳನ್ನು ಕಂಡೆ. ಸೆರಗನ್ನು ಕತ್ತಿನ ಸುತ್ತ ಹೊದ್ದು ನೆಲ ನೋಡುತ್ತ ಕೂತಿದ್ದಳು. ಏನೋ ಬಿದ್ದದ್ದನ್ನು ಹುಡುಕುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಹೋದಾಗ ಅವಳು ಬೆನ್ನನ್ನೇ ಹಿಂದಕ್ಕೆ ಬಾಗಿಸಿ ನನ್ನನ್ನು ನೋಡಲು ಪ್ರಯತ್ನಿಸಿದಳು. ಕೆಳತುಟಿ ಕೆಳಕ್ಕೆ ಎಳೆದಿತ್ತು. ಗದ್ದದಿಂದ ಎದೆಗೆ ದಪ್ಪ ಹಗ್ಗದಂಥ ಚರ್ಮ.

“ಎತ್ತಿ ನೀರು ಕುಡಿಯಾಕ ಬರೂದಿಲ್ರಿ. ಬಸ್ಸಿನ ಬೋರ್ಡು ಕಾಣೂದಿಲ್ಲ, ಮಂದೀನ ಕೇಳಿ ಹತ್ತಬೇಕು. ಗಿರಾಕಿ ಮಾರಿ ನೋಡಾಕ ಆಗೂದಿಲ್ಲಂತ ನಮ್ಮಣ್ಣ ನನ್ನ ಒಳಗ ಅಡಿಗಿ ಮನ್ಯಾಗ ಕುಂದ್ರಿಸ್ಯಾನ್ರಿ” ಎಂದಳು. ಇನ್ನೊಂದು ದೊಡ್ಡ ಆಪರೇಷನ್ ಆಗಬೇಕು. ಅದಾದ ಮೇಲೂ ತಿಂಗಳುಗಟ್ಟಲೆ ದಿಂಬಿಲ್ಲದೆ ಮಲಗಬೇಕು.

ಆ ಸಂಜೆ ಸಿಸ್ಟರಿಗೆ ಫೋನ್ ಮಾಡಿದೆ. ಸ್ಲೈಡು, ಸುತ್ತೋಲೆ, ಎರಡು ದಿಂಬು, ನಾನು ನೋಡಿಯೂ ಬಿಟ್ಟು ಹೋದದ್ದು, ಮರುದಿನ ಅವಳು ಫಿಸಿಯೋಥೆರಪಿಗೆ ಬರಬೇಕಾದದ್ದು, ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ, ಬೈದರೆ ನನಗೂ ಹಗುರವಾಗುತ್ತಿತ್ತು. “ನಾಳೆ ಎಷ್ಟೊತ್ತಿಗೆ ಬರ್ತಾಳೆ ಅವಳು?” ಎಂದು ಮಾತ್ರ ಕೇಳಿದರು.

ಮರುದಿನ ಹನ್ನೊಂದಕ್ಕೆ ಫಿಸಿಯೋಥೆರಪಿ ಕೋಣೆಗೆ ಬಂದರು, ಬಸ್ಸಿನಲ್ಲೇ. ಕುರ್ಚಿಯನ್ನು ಅತ್ತ ಸರಿಸಿ, ಗಿಡ್ಡ ಕಾಲುಮಣೆ ಎಳೆದುಕೊಂಡು, ಅವಳ ಮೊಣಕಾಲ ಹತ್ತಿರ ಕೆಳಗೆ ಕೂತರು. ಅಲ್ಲಿ ಕೂತರೆ ಅವಳು ಬೆನ್ನು ಬಾಗಿಸದೆಯೇ ಅವರ ಮುಖ ನೋಡಬಹುದಿತ್ತು. ನನಗೆ ಹಿಂದಿನ ದಿನ ಅದು ಹೊಳೆದಿರಲಿಲ್ಲ. ಆ ಚರ್ಮದ ಹಗ್ಗವನ್ನು ಬೆರಳಿನಿಂದ ಮೃದುವಾಗಿ ಒತ್ತಿ ಒತ್ತಿ ನೋಡಿದರು.

ಅವಳು ಸಿಸ್ಟರನ್ನು ಗುರುತಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಅಳುತ್ತ, “ನೀವು ಬ್ಯಾಡ ಬ್ಯಾಡ ಅಂತ ಬಡಕೊಂಡ್ರಿ. ನಾನು ನಿಮಗ ಶಾಪ ಹಾಕಿದೆ. ಆಮ್ಯಾಲ ಇವ್ರು ತಾವ ತಂದು ಕೊಟ್ರಲ್ರಿ. ಇಷ್ಟು ದೊಡ್ಡ ಆಸ್ಪತ್ರಿಯವ್ರು ಕೊಡ್ತಾರಂದ್ರ ಚಲೋದಾ ಇರ್ಬೇಕು ಅಂತ ಮನ್ಯಾಗೂ ಎರಡು ಇಟ್ಕೊಂಡು ಮಲಗಿದೆ” ಎಂದಳು. ಆಮೇಲೆ ಕೇಳಿದಳು, “ಕೊಡಬಾರದಂತ ಇಲ್ಲಿ ಯಾರಿಗೂ ಗೊತ್ತಿರಲಿಲ್ಲೇನ್ರಿ?”

ಅವಳು ಕೇಳಿದ್ದು ಸಿಸ್ಟರನ್ನು. ಉತ್ತರ ಕೊಡಲು ಹೋದವನು ನಾನು. “ಅದು ಏನಾಯ್ತು ಅಂದ್ರೆ ಅಕ್ಕಾ, ಎಲ್ಲ ಹೊಸ ಸ್ಟಾಫು. ಹೇಳ್ಕೊಡೋ ಸಿಸ್ಟರು ರಿಟೈರ್ ಆಗಿದ್ರು, ಅದಕ್ಕೇ...”

ಸಿಸ್ಟರ್ ನನ್ನ ಕಡೆ ತಿರುಗಲಿಲ್ಲ. ಅವಳ ಕತ್ತಿನ ಮೇಲಿಟ್ಟ ಬೆರಳನ್ನೂ ತೆಗೆಯಲಿಲ್ಲ.

“ಗೊತ್ತಿತ್ತಮ್ಮ” ಎಂದರು. “ಇವನಿಗೆ ಗೊತ್ತಿತ್ತು. ನನ್ನ ಹತ್ರ ಕಲ್ತೋರಲ್ಲಿ ಎಲ್ರಿಗಿಂತ ಚೆನ್ನಾಗಿ ಕಲ್ತೋನು ಇವನೇ.”

ಅಷ್ಟು ವರ್ಷ ಅವರ ಕೈಕೆಳಗಿದ್ದು ಅವರ ಬಾಯಿಂದ ನಾನು ಕೇಳಿದ ಹೊಗಳಿಕೆ ಅದೊಂದೇ.